ರೋಬೋಟ್ಸ್ ಕಡತದಿಂದ ಹ್ಯಾಶ್ ಲೆಕ್ಕದವರೆಗೆ: ಸ್ವಂತ ಸರ್ವರ್‌ಗಳ ಕಾವಲು ಬದಲಾದ ಬಗೆ

ಸ್ವಂತ ಸರ್ವರ್‌ನಲ್ಲಿ ಒಂದು ಗಿಟ್ ಭಂಡಾರವನ್ನು (ಕೋಡ್ ಕಡತಗಳನ್ನೂ ಅವುಗಳ ಬದಲಾವಣೆಯ ಇತಿಹಾಸವನ್ನೂ ಇಡುವ ಜಾಗ) ವೆಬ್‌ಗೆ ತೆರೆದಿಟ್ಟಿದ್ದೀರಿ ಎನ್ನಿ. ಅದರಲ್ಲಿ 1,000 ಕಡತ, 5,000 ಕಮಿಟ್ (ದಾಖಲಾದ ಬದಲಾವಣೆ) ಇವೆ. ಒಂದೊಂದು ಕಮಿಟ್‌ನಲ್ಲಿ ಒಂದೊಂದು ಕಡತ ಹೇಗಿತ್ತು ಎಂದು ತೋರಿಸುವ ಪುಟಗಳೇ 50 ಲಕ್ಷದವರೆಗೆ ಹೋಗಬಹುದು. ಪ್ರತಿ ಸಾಲನ್ನು ಯಾರು ಯಾವಾಗ ಬರೆದರೆಂದು ತೋರಿಸುವ ಬ್ಲೇಮ್, ಬದಲಾವಣೆಗಳ ಪಟ್ಟಿಯಾದ ಲಾಗ್, ಎರಡು ರೂಪಗಳ ವ್ಯತ್ಯಾಸ ತೋರಿಸುವ ಡಿಫ್ ಪುಟಗಳ ಲೆಕ್ಕ ಬೇರೆ. ಓದುಗರು ಇವುಗಳಲ್ಲಿ ನೂರಿನ್ನೂರು ಪುಟ ತೆರೆದಾರು. ಕಂಡ ಲಿಂಕನ್ನೆಲ್ಲ ಹಿಡಿದು ಹೋಗುವ ಸ್ವಯಂಚಾಲಿತ ತಂತ್ರಾಂಶಕ್ಕೆ, ಅಂದರೆ ಬಾಟ್‌ಗೆ ಅಷ್ಟೂ ಬೇಕು. ಬ್ಲೇಮ್ ಪುಟ ಸಾಮಾನ್ಯವಾಗಿ ಮೊದಲೇ ಮಾಡಿಟ್ಟ ಪ್ರತಿಗಳ ಸಂಗ್ರಹವಾದ ಕ್ಯಾಶ್‌ನಲ್ಲಿ ಸಿದ್ಧವಾಗಿರುವುದಿಲ್ಲ. ಪ್ರತಿ ಸಲವೂ ಸರ್ವರ್ ಆ ಕಡತದ ಇತಿಹಾಸವನ್ನು ಹಿಂದಕ್ಕೆ ಜಾಲಾಡಬೇಕು. ಸೆಕೆಂಡಿಗೆ ಹತ್ತಿಪ್ಪತ್ತು ಇಂಥ ಕೋರಿಕೆ ಬಂದರೆ ಎರಡು ಕೋರ್‌ನ ವಿಪಿಎಸ್ (ಬಾಡಿಗೆಗೆ ಪಡೆದ ಸಣ್ಣ ಸರ್ವರ್) ಮಲಗಿಬಿಡುತ್ತದೆ. ಬ್ಯಾಂಡ್‌ವಿಡ್ತ್ ಗ್ರಾಫ್ ಮಾತ್ರ ಏನೂ ಆಗಿಲ್ಲವೆಂಬಂತೆ ತೋರುತ್ತಿರುತ್ತದೆ.

ಇದಕ್ಕೆ ಮೊದಲ ಮದ್ದು ಹುಟ್ಟಿದ್ದು 1994ರಲ್ಲಿ. ಯಾವ ದಾರಿಗೆ ಬಾಟ್‌ಗಳು ಬರಬಾರದು ಎಂಬುದನ್ನು ಸರ್ವರ್‌ನ ಮೂಲ ಕೋಶದಲ್ಲಿ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಕಡತದಲ್ಲಿ ಬರೆದಿಡೋಣ ಎಂದು ಮಾರ್ಟೈನ್ ಕೋಸ್ಟರ್ ಸೂಚಿಸಿದರು. ಮುಂದೆ 28 ವರ್ಷ ಅದು ಬರೀ ರೂಢಿಯಾಗಿತ್ತು. 2022ರಲ್ಲಷ್ಟೇ ಆರ್‌ಎಫ್‌ಸಿ 9309 ಎಂಬ ಇಂಟರ್ನೆಟ್ ಮಾನಕದ ದಾಖಲೆಯಾಗಿ ಅಧಿಕೃತ ರೂಪ ಸಿಕ್ಕಿತು. ಈ ನಿಯಮಗಳು ಪ್ರವೇಶಕ್ಕೆ ಹಾಕಿದ ಬೀಗವಲ್ಲ ಎಂದು ಆ ದಾಖಲೆಯೇ ಹೇಳುತ್ತದೆ. ಆದರೂ ಇಷ್ಟು ಕಾಲ ನಡೆದುಬಂದಿತು. ಹುಡುಕಾಟ ಯಂತ್ರಗಳು ಪುಟ ಒಯ್ದರೂ ಪ್ರತಿಯಾಗಿ ಓದುಗರನ್ನು ಕಳಿಸುತ್ತಿದ್ದವು, ಹೆಸರು ಹೇಳಿಕೊಂಡೇ ಬರುತ್ತಿದ್ದವು. ಗೂಗಲ್‌ಬಾಟ್ ಎಂದು ಹೇಳಿಕೊಂಡು ಬಂದದ್ದು ನಿಜವೋ ಸುಳ್ಳೋ ಎಂದು ಅದರ ಐಪಿಯನ್ನು (ಇಂಟರ್ನೆಟ್ ವಿಳಾಸವನ್ನು) ಹೆಸರು-ವಿಳಾಸಗಳ ಕೋಶವಾದ ಡಿಎನ್‌ಎಸ್‌ನಲ್ಲಿ ಹಿಂದು ಮುಂದು ಎರಡೂ ಕಡೆಯಿಂದ (ಐಪಿಯಿಂದ ಹೆಸರು, ಆ ಹೆಸರಿನಿಂದ ಮತ್ತೆ ಐಪಿ) ನೋಡಿ ಖಚಿತಪಡಿಸಿಕೊಳ್ಳಬಹುದಿತ್ತು, ಈಗಲೂ ಬಹುದು.

ಹೆಸರು ಮುಚ್ಚಿಟ್ಟು ಬರುವವರು ಆಗಲೂ ಇದ್ದರು. ಅವರಿಗಾಗಿ ಐಪಿ ತಡೆ, ಸರ್ವರ್‌ನ ದಾಖಲೆ ನೋಡಿ ಐಪಿಗಳನ್ನು ತಾನಾಗಿ ತಡೆಯುವ, 2004ರಲ್ಲಿ ಬಂದ ಫೇಲ್‌ಟುಬ್ಯಾನ್, ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್‌ನ ವೇಗಮಿತಿ ಇವೆಲ್ಲ ಇದ್ದವು. ಇವೆಲ್ಲದರ ಅಡಿಪಾಯ ಒಂದೇ: ಒಂದು ಐಪಿಯಿಂದ ಕೋರಿಕೆಗಳು ಮಿತಿ ಮೀರಿ ಬರುತ್ತವೆ ಎಂಬ ನಂಬಿಕೆ.

ಆ ನಂಬಿಕೆ ಕುಸಿದದ್ದು ಭಾಷಾ ಮಾದರಿಗಳ ತರಬೇತಿಗೆ ಪಠ್ಯದ ಹಸಿವು ಹೆಚ್ಚಿದ ಮೇಲೆ. 2023ರ ಆಗಸ್ಟ್‌ನಲ್ಲಿ ಓಪನ್‌ಎಐ ತನ್ನ ಜಿಪಿಟಿಬಾಟ್ ಹೆಸರನ್ನು ಪ್ರಕಟಿಸಿತು. ಅನೇಕ ತಾಣಗಳು ಅದನ್ನು ರೋಬೋಟ್ಸ್ ಕಡತಕ್ಕೆ ಸೇರಿಸಿ ನಿಟ್ಟುಸಿರು ಬಿಟ್ಟವು. ಆದರೆ ಹೊರೆ ಇಳಿಯಲಿಲ್ಲ. 2024ರ ಮೇ ತಿಂಗಳಲ್ಲಿ ತಂತ್ರಾಂಶ ಕೈಪಿಡಿಗಳ ತಾಣ ರೀಡ್ ದ ಡಾಕ್ಸ್‌ನಿಂದ ಒಂದೇ ಕ್ರಾಲರ್ (ಪುಟ ಸಂಗ್ರಹಿಸುವ ಬಾಟ್) 73 ಟೆರಾಬೈಟ್ ಇಳಿಸಿಕೊಂಡಿತು. ಬ್ಯಾಂಡ್‌ವಿಡ್ತ್ ಖರ್ಚು 5,000 ಡಾಲರ್ ದಾಟಿತು. ವಿಕಿಮೀಡಿಯ ಪ್ರತಿಷ್ಠಾನ 2025ರ ಏಪ್ರಿಲ್‌ನಲ್ಲಿ ಕೊಟ್ಟ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು: ಪುಟವೀಕ್ಷಣೆಯಲ್ಲಿ ಬಾಟ್‌ಗಳ ಪಾಲು ಶೇ. 35ರಷ್ಟು, ಅತಿ ದುಬಾರಿ ಸಂಚಾರದಲ್ಲಿ ಶೇ. 65. ಓದುಗರು ಜನಪ್ರಿಯ ಪುಟಗಳಿಗೆ ಬರುತ್ತಾರೆ, ಅವು ಕ್ಯಾಶ್‌ನಲ್ಲಿರುತ್ತವೆ. ಬಾಟ್‌ಗಳು ಯಾರೂ ತೆರೆಯದ ಮೂಲೆಗಳನ್ನು ಕೆದಕುತ್ತವೆ.

ಈಗಿನ ಬಾಟ್‌ಗಳಲ್ಲಿ ಬಹಳಷ್ಟು ಮನೆಮನೆಯ ಇಂಟರ್ನೆಟ್ ಸಂಪರ್ಕಗಳನ್ನು ಬಾಡಿಗೆಗೆ ಕೊಡುವ ಪ್ರಾಕ್ಸಿ (ನಡುವಿನ ಸರ್ವರ್) ಜಾಲಗಳ ಮೂಲಕ ಬರುತ್ತವೆ. ಒಂದು ಐಪಿಯಿಂದ ಒಂದೋ ಎರಡೋ ಕೋರಿಕೆ, ಆಮೇಲೆ ಆ ಐಪಿ ಮತ್ತೆ ಕಾಣುವುದೇ ಇಲ್ಲ. ಯೂಸರ್ ಏಜೆಂಟ್ (ಬ್ರೌಸರ್ ಹೇಳಿಕೊಳ್ಳುವ ಹೆಸರು) ನೋಡಿದರೆ ಸಾಮಾನ್ಯ ಕ್ರೋಮ್. ಸೆಕೆಂಡಿಗೆ ಒಂದೇ ಕೋರಿಕೆ ಎಂದು ಮಿತಿ ಹಾಕಿದರೂ ಆ ಮಿತಿಯನ್ನು ಯಾವ ಬಾಟ್ ಕೂಡ ಮುಟ್ಟುವುದಿಲ್ಲ. ಮುಟ್ಟಿ ಪೆಟ್ಟು ತಿನ್ನುವವರು ಒಂದೇ ಐಪಿಯ ಹಿಂದೆ ಸಾವಿರಾರು ಮಂದಿಯಾಗಿ ಸಿಕ್ಕಿಕೊಂಡಿರುವ ಮೊಬೈಲ್ ಬಳಕೆದಾರರು. ತಾಣ ಬೇರೊಂದು ಪ್ರಾಕ್ಸಿಯ ಹಿಂದಿದ್ದು, ನಿಜವಾದ ಐಪಿಯನ್ನು ಹೆಡರ್‌ನಿಂದ ಓದಿಸಿಕೊಳ್ಳದಿದ್ದರಂತೂ ಎಲ್ಲರೂ ಒಂದೇ ಐಪಿಯಂತೆ ಕಂಡು ಎಲ್ಲ ಓದುಗರೂ ಒಟ್ಟಿಗೇ ಹೊರಬೀಳುತ್ತಾರೆ.

ಗುರುತು ಹಿಡಿಯಲಾಗದಿದ್ದರೆ ಬೆಲೆ ತೆರುವಂತೆ ಮಾಡು ಎಂಬ ಯೋಚನೆ ಹೀಗೆ ಮುನ್ನೆಲೆಗೆ ಬಂತು. ಸ್ಪ್ಯಾಮ್ ತಡೆಗೆ ಆಡಮ್ ಬ್ಯಾಕ್ 1997ರಲ್ಲಿ ರೂಪಿಸಿದ ಹ್ಯಾಶ್‌ಕ್ಯಾಶ್‌ನ ತತ್ವವೇ 2025ರ ಜನವರಿಯಲ್ಲಿ ಅನುಬಿಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಮರಳಿತು. ಅದು ವೆಬ್ ಸರ್ವರ್‌ನ ಮುಂದೆ ನಿಂತು, ಬಂದ ಬ್ರೌಸರ್‌ಗೆ ಒಂದು ಲೆಕ್ಕ ಕೊಡುತ್ತದೆ: ಎಸ್‌ಎಚ್‌ಎ-256 ಹ್ಯಾಶ್‌ನ (ಮಾಹಿತಿಯಿಂದ ಲೆಕ್ಕಹಾಕಿದ, ಮೊದಲೇ ಊಹಿಸಲಾಗದ ಅಂಕಿಸರಣಿಯ) ಮೊದಲ ನಾಲ್ಕು ಹೆಕ್ಸ್ (16ರ ಆಧಾರದ) ಅಂಕಿ ಸೊನ್ನೆಯಾಗುವ ಸಂಖ್ಯೆ ಹುಡುಕು. ಸರಾಸರಿ 65,536 ಪ್ರಯತ್ನ ಬೇಕು. ಗೆದ್ದವರಿಗೆ ಕುಕಿ (ಬ್ರೌಸರ್ ಇಟ್ಟುಕೊಳ್ಳುವ ಗುರುತುಚೀಟಿ) ಸಿಗುತ್ತದೆ, ಅದು ತೀರುವವರೆಗೆ ಮತ್ತೆ ಲೆಕ್ಕವಿಲ್ಲ. 2025ರ ಮಾರ್ಚ್‌ನಲ್ಲಿ ಲಿನಕ್ಸ್ ಡೆಸ್ಕ್‌ಟಾಪ್ ಯೋಜನೆ ಗ್ನೋಮ್‌ನ ಕೋಡ್ ತಾಣವಾದ ಗಿಟ್‌ಲ್ಯಾಬ್‌ಗೆ ಎರಡೂವರೆ ಗಂಟೆಯಲ್ಲಿ ಬಂದ ಸುಮಾರು 81,000 ಕೋರಿಕೆಗಳಲ್ಲಿ ಈ ಬಾಗಿಲು ದಾಟಿದ್ದು ಶೇ. 3 ಮಾತ್ರ.

ಆದರೆ ಇಲ್ಲಿ ಬೆಲೆ ನಿಜಕ್ಕೂ ಅಲ್ಪ. 65,536 ಹ್ಯಾಶ್ ಎಂದರೆ ಸಿ ಭಾಷೆಯಲ್ಲಿ ಬರೆದ ಕ್ರಮವಿಧಿಗೆ ಒಂದು ಸೆಕೆಂಡೂ ಬೇಡ. ಹಳೆಯ ಫೋನ್‌ಗೇ ಅದು ಹೆಚ್ಚು ಕಷ್ಟ. ಅನುಬಿಸ್ ಇಷ್ಟು ಕೆಲಸ ಮಾಡಿದ್ದು ಬಹುಪಾಲು ಬಾಟ್‌ಗಳು ಜಾವಾಸ್ಕ್ರಿಪ್ಟನ್ನೇ ಓಡಿಸುತ್ತಿರಲಿಲ್ಲ, ಕುಕಿ ಇಟ್ಟುಕೊಳ್ಳುತ್ತಿರಲಿಲ್ಲ ಎಂಬ ಕಾರಣಕ್ಕೆ. 2025ರ ಆಗಸ್ಟ್‌ನಲ್ಲಿ ಮುಕ್ತ ಕೋಡ್ ತಾಣ ಕೋಡ್‌ಬರ್ಗ್, ಕೆಲವು ಕ್ರಾಲರ್‌ಗಳು ಈ ಲೆಕ್ಕ ಬಿಡಿಸುವುದನ್ನು ಕಲಿತಿವೆ ಎಂದು ತಿಳಿಸಿತು. ಕಷ್ಟದ ಮಟ್ಟ (ಬೇಕಾದ ಸೊನ್ನೆಗಳ ಸಂಖ್ಯೆ) ನಾಲ್ಕರಿಂದ ಐದಕ್ಕೆ ಏರಿಸಿದರೆ ಕೆಲಸ 16 ಪಟ್ಟು ಹೆಚ್ಚುತ್ತದೆ, ಅದನ್ನು ಮೊದಲು ತೆರುವವರು ಓದುಗರೇ. ಹಾಗಾಗಿ ಆ ಅಂಕಿ ಏರಿಸುವುದು ಒಳ್ಳೆಯ ದಾರಿಯಲ್ಲ.

ಗೋಡೆ ಕಟ್ಟುವ ಮೊದಲು ದುಬಾರಿ ಪುಟಗಳನ್ನು ಕಡಿಮೆ ಮಾಡಿ ಎಂಬುದೇ ಈ ಮೂವತ್ತು ವರ್ಷದಿಂದ ಕಲಿಯಬೇಕಾದದ್ದು. ಒಂದು ದಿನದ ಆಕ್ಸೆಸ್ ಲಾಗ್ (ಬಂದ ಕೋರಿಕೆಗಳ ದಾಖಲೆ) ತೆಗೆದು ಐಪಿಯ ಬದಲು ದಾರಿಯ (ಕೇಳಿದ ಪುಟವಿಳಾಸದ) ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿಗೂ ಹಿಡಿದ ಒಟ್ಟು ಸಮಯ ಕೂಡಿಸಿ. ಎಂಜಿನ್‌ಎಕ್ಸ್‌ನ ಮೂಲ ಲಾಗ್ ವಿನ್ಯಾಸದಲ್ಲಿ ಸಮಯ ಇರುವುದಿಲ್ಲ, ಮುಂಚಿತವಾಗಿ ಸೇರಿಸಿಕೊಳ್ಳಬೇಕು. ಎಚ್‌ಟಿಎಂಎಲ್ ಮಾತ್ರ ಎತ್ತಿಕೊಂಡು ಸಿಎಸ್‌ಎಸ್, ಚಿತ್ರ ಯಾವುದನ್ನೂ ಕೇಳದ, ವರ್ಷಗಟ್ಟಲೆ ಹಳೆಯ ಕ್ರೋಮ್ ಆವೃತ್ತಿ ಹೇಳಿಕೊಳ್ಳುವ ಕೋರಿಕೆಗಳು ಬಾಟ್‌ಗಳವೇ ಇರಬೇಕು. ದುಬಾರಿ ಪುಟಗಳು ಸಾಮಾನ್ಯವಾಗಿ ಇವು: ಗಿಟ್ ತಾಣದಲ್ಲಿ ಬ್ಲೇಮ್, ಹಳೆಯ ಡಿಫ್; ವಿಕಿಯಲ್ಲಿ ಪುಟ ಇತಿಹಾಸ; ಅಂಗಡಿ ತಾಣದಲ್ಲಿ ಹತ್ತಾರು ಶೋಧಕಗಳನ್ನು (ಫಿಲ್ಟರ್) ಜೋಡಿಸಿದ ವಿಳಾಸ; ಕ್ಯಾಲೆಂಡರ್ ಇದ್ದಲ್ಲಿ ಕೊನೆಯಿಲ್ಲದ ಮುಂದಿನ ತಿಂಗಳು. ಇವನ್ನು ಲಾಗಿನ್ ಆದವರಿಗೆ ಮಾತ್ರ ತೆರೆಯಿರಿ, ಇಲ್ಲವೇ ಅನುಬಿಸ್ ಅನ್ನು ಇವಕ್ಕಷ್ಟೇ ಹಾಕಿ. ಉಳಿದ ಪುಟಗಳಿಗೆ ಹತ್ತು ನಿಮಿಷದ ಕ್ಯಾಶ್ ಇಟ್ಟರೂ ಹೊರೆ ಎದ್ದು ಕಾಣುವಷ್ಟು ಇಳಿಯುತ್ತದೆ.

ವೇಗಮಿತಿಯನ್ನು ತೆಗೆದುಹಾಕಬೇಕಿಲ್ಲ. ಎಂಜಿನ್‌ಎಕ್ಸ್ ಮಿತಿ ಮೀರಿದವರಿಗೆ ತಾನಾಗಿ 503 (ಸೇವೆ ಲಭ್ಯವಿಲ್ಲ) ಎಂದು ಉತ್ತರಿಸುತ್ತದೆ, ಅದನ್ನು 429ಕ್ಕೆ (ಕೋರಿಕೆ ಹೆಚ್ಚಾಯಿತು) ಬದಲಿಸಿ. ಸಭ್ಯ ಬಾಟ್‌ಗಳಿಗೆ ನಿಧಾನಿಸಬೇಕೆಂದು ತಿಳಿಯುತ್ತದೆ. ಹೊಸ ಮಾದರಿಯ ಉದ್ದ ಐಪಿ ವಿಳಾಸವಾದ ಐಪಿವಿ6ನಲ್ಲಿ ಒಂದೊಂದೇ ವಿಳಾಸ ಎಣಿಸುವುದು ವ್ಯರ್ಥ, 64 ಬಿಟ್‌ಗಳ ಮುಂಭಾಗವನ್ನು ಒಂದು ಘಟಕವಾಗಿ ಹಿಡಿಯಿರಿ. ತಡೆಪಟ್ಟಿ ಸಾವಿರ ದಾಟಿದರೆ ಲಿನಕ್ಸ್ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ಸಾಲು ಸಾಲು ನಿಯಮ ಬರೆಯದೆ ಎನ್‌ಎಫ್‌ಟೇಬಲ್ಸ್‌ನ ಸೆಟ್ (ಒಂದೇ ನಿಯಮದಲ್ಲಿ ಹಿಡಿಯುವ ವಿಳಾಸಗಳ ಗುಂಪು) ಬಳಸಿ, ಇಲ್ಲದಿದ್ದರೆ ಪ್ರತಿ ಪ್ಯಾಕೆಟ್ ಕೂಡ ಆ ಪಟ್ಟಿಯನ್ನು ಒಂದೊಂದಾಗಿ ದಾಟಿ ಬರಬೇಕಾಗುತ್ತದೆ. ನೆಪೆಂತೀಸ್‌ನಂಥ ಬಾಟ್‌ಗಳನ್ನು ಕೊನೆಯಿಲ್ಲದ ಸುಳ್ಳು ಪುಟಗಳಲ್ಲಿ ಸಿಕ್ಕಿಸುವ ಜಾಲಗಳು ಆಕರ್ಷಕವೇ. ಆದರೆ ಸುಳ್ಳು ಪುಟ ಬಡಿಸುವ ಖರ್ಚು ನಿಮ್ಮದೇ, ಹುಡುಕಾಟ ಯಂತ್ರ ಅದರೊಳಗೆ ಬಿದ್ದರೆ ನಷ್ಟವೂ ನಿಮ್ಮದೇ.

ಏನೇ ಹಾಕಿದರೂ ಅದೇ ದಿನ ಹೊರಗಿನ ಬೇರೆ ಸಂಪರ್ಕದಿಂದ ಪರೀಕ್ಷಿಸಿ: ಆರ್‌ಎಸ್‌ಎಸ್ ಫೀಡ್ ಓದುಗ ತಂತ್ರಾಂಶಕ್ಕೆ ಸಿಗುತ್ತದೆಯೇ, ಗಿಟ್ ಕ್ಲೋನ್ (ಭಂಡಾರದ ಪೂರ್ತಿ ಪ್ರತಿ ಇಳಿಸುವುದು) ನಡೆಯುತ್ತದೆಯೇ, ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಸುರಕ್ಷಿತ ಸಂಪರ್ಕದ (ಎಚ್‌ಟಿಟಿಪಿಎಸ್) ಪ್ರಮಾಣಪತ್ರ ನವೀಕರಿಸಲು ಬಳಸುವ ವೆಲ್‌-ನೋನ್ ದಾರಿ ತೆರೆದಿದೆಯೇ, ಜಾವಾಸ್ಕ್ರಿಪ್ಟ್ ಇಲ್ಲದ ಬ್ರೌಸರ್‌ಗೆ ಕನಿಷ್ಠ ಮುಖಪುಟವಾದರೂ ಕಾಣುತ್ತದೆಯೇ. ಇವುಗಳಲ್ಲಿ ಪ್ರಮಾಣಪತ್ರದ ದಾರಿ ಮುಚ್ಚಿದ್ದು ವಾರಗಟ್ಟಲೆ ಗೊತ್ತೇ ಆಗುವುದಿಲ್ಲ. ಹಳೆಯದರ ಅವಧಿ ಮುಗಿದ ದಿನವೇ ತಾಣ ನಿಲ್ಲುತ್ತದೆ.