ಸ್ಕೇಲ್ ಅಂದ್ರೆ ಮಿಲಿಮೀಟರ್ ಅಲ್ಲ

ರಟ್ಟಿನ ಕೋಟೆಯ ಫೋಟೊ ಹಾಕಿ ಕೆಳಗೆ ‘28 ಎಂಎಂ ಸ್ಕೇಲ್’ ಅಂತ ಬರೆಯುವವರು ಜಾಸ್ತಿಯಾಗಿದ್ದಾರೆ. ಟೇಬಲ್ ಮೇಲಿನ ಯುದ್ಧದಾಟಕ್ಕೆ ಮನೆಯ ರದ್ದಿಯಲ್ಲೇ ಕೋಟೆ ಕಟ್ಟುವುದು ಒಳ್ಳೆಯದೇ, ರೊಕ್ಕವೂ ಉಳಿಯುತ್ತದೆ. ಆದರೆ 28 ಎಂಎಂ ಅನ್ನೋದು ಆ ಆಟದ ಸಿಪಾಯಿ ಗೊಂಬೆಯ ಎತ್ತರ. ಸ್ಕೇಲ್ ಅಲ್ಲ.

ಈ ಪದಕ್ಕೆ ನಮ್ಮಲ್ಲಿ ಮೊದಲೇ ಕೈತುಂಬ ಕೆಲಸ. ಗೆರೆ ಹಾಕುವ ಫೂಟ್‌ಪಟ್ಟಿ ಸ್ಕೇಲ್. ಹಾರ್ಮೋನಿಯಂ ಪೇಟಿ ಮಾಸ್ತರರು ‘ಯಾವ ಸ್ಕೇಲ್, ಕರಿ ಎರಡಾ?’ ಅಂತ ಶ್ರುತಿ ಕೇಳಿದರೆ ಅದೂ ಸ್ಕೇಲ್. ನೌಕರರ ಪೇ ಸ್ಕೇಲ್ ಇದ್ದೇ ಇದೆ. ಇವೆಲ್ಲ ಲ್ಯಾಟಿನ್ನಿನ ‘ಸ್ಕಾಲಾ’ದ ಮಕ್ಕಳು. ಸ್ಕಾಲಾ ಅಂದರೆ ಏಣಿ: ಒಂದೊಂದೇ ಮೆಟ್ಟಿಲು, ಒಂದೊಂದೇ ಗುರುತು. ತೂಕ ಮಾಡುವ ಸ್ಕೇಲ್ ಮಾತ್ರ ಬೇರೆ ಮನೆತನದ್ದು. ಹಳೆಯ ನಾರ್ಸ್ ಭಾಷೆಯಲ್ಲಿ ಬಟ್ಟಲಿಗಿದ್ದ ಪದದಿಂದ ಬಂದದ್ದು, ತಕ್ಕಡಿಯ ತಟ್ಟೆ ನೆನೆಸಿಕೊಳ್ಳಿ. ಮೀನಿನ ಹುರುಪೆಗೆ ಹೇಳುವ ಸ್ಕೇಲಿಗೂ ಏಣಿಗೂ ನಂಟಿಲ್ಲ.

ನಕ್ಷೆಯದೂ ಮಾದರಿಯದೂ ಏಣಿಯ ಕಡೆಯ ಸ್ಕೇಲೇ. ಅಲ್ಲಿ ಅದು ಬರೀ ಅನುಪಾತ, ಮೀಟರೂ ಇಲ್ಲ, ಇಂಚೂ ಇಲ್ಲ. 1:72 ಅಂದರೆ ನಿಜದ 72 ಪಾಲು ಇಲ್ಲಿ ಒಂದು ಪಾಲು. ಹಾಗಾಗಿ 1:72 ಗೊಂಬೆ 1:56ಕ್ಕಿಂತ ಚಿಕ್ಕದು. ಇದನ್ನೂ ಉಲ್ಟಾ ಹೇಳುವವರಿದ್ದಾರೆ, ಇರಲಿ.

28 ಎಂಎಂನ ತಕರಾರು ಏನಂದರೆ, ಕೆಲವರು ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೆ. 170 ಸೆಂ.ಮೀ. ಎತ್ತರದ ಮನುಷ್ಯನನ್ನು ಲೆಕ್ಕ ಹಿಡಿದರೆ ಮೊದಲನೆಯದು ಸುಮಾರು 1:57, ಎರಡನೆಯದು 1:61 ಆಗುತ್ತದೆ. ಒಂದೇ ಅಂಕಿ, ಎರಡು ಸ್ಕೇಲ್! ಕೋಟೆ ಕಟ್ಟುವವರು ಯಾವುದನ್ನು ನಂಬಬೇಕು? ಸುಮ್ನೆ ಮೊದಲನೆಯದಕ್ಕೆ ಹತ್ತಿರದ 1:56 ಹಿಡಿದು ಕೆಲಸ ಶುರು ಮಾಡಿ.

ಆಗ ಸಾಮಾನೆಲ್ಲ ಬೇರೆಯಾಗಿ ಕಾಣುತ್ತದೆ. ಎರಡು ಮಿ.ಮೀ. ದಪ್ಪದ ಬೆಂಕಿಕಡ್ಡಿ 11 ಸೆಂ.ಮೀ. ತೊಲೆ, ಮಾಳಿಗೆ ಮನೆಗೆ ಹೇಳಿ ಮಾಡಿಸಿದ್ದು. ಕಾರ್ಟನ್ ರಟ್ಟಿನ ಮೇಲ್ಪದರ ಕಿತ್ತು, ಒಳಗಿನ ಅಲೆಯನ್ನೇ ತಗಡಿನ ಛಾವಣಿ ಅನ್ನುತ್ತಾರಲ್ಲ, ಅದು ನನಗೆ ಸರಿಬರುವುದಿಲ್ಲ. ಅಲೆಯಿಂದ ಅಲೆಗೆ ಆರೇಳು ಮಿ.ಮೀ. ಇದ್ದರೆ ನಿಜದಲ್ಲಿ 35–40 ಸೆಂ.ಮೀ. ಆಯಿತು. ಅಂಥ ತಗಡು ಯಾವ ಅಂಗಡಿಯಲ್ಲಿ ಸಿಗುತ್ತದೆ?

ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಮಾತ್ರ ಈ ಲೆಕ್ಕಕ್ಕೆ ಚೆಂದ ಒಗ್ಗುತ್ತದೆ. ಉದ್ದ ಸುಮಾರು 4.45 ಮೀಟರ್, ಬಾಯಿಯ ಹೊರ ಅಡ್ಡಳತೆ ಒಂದೂವರೆ ಮೀಟರ್. 1:56ರಲ್ಲಿ ಎಂಟು ಸೆಂ.ಮೀ. ಉದ್ದ, 27 ಮಿ.ಮೀ. ಅಗಲ. ಹಳೇ ಪೇಪರ್ ಸುತ್ತಿ ಫೆವಿಕಾಲ್ ಹಚ್ಚಿದರೆ ಸಾಕು. ಸಿಪಾಯಿ ಗೊಂಬೆಯನ್ನು ಪಕ್ಕದಲ್ಲಿ ನಿಲ್ಲಿಸಿ, ತೋಪಿನ ಬಾಯಿ ಹೆಚ್ಚುಕಡಿಮೆ ಅವನಷ್ಟೇ ಎತ್ತರ.

ಬೆಳಗಾವಿಯ ಹುಡುಗರು ದೀಪಾವಳಿಗೆ ಕಟ್ಟುವ ಮಣ್ಣಿನ ಕಿಲ್ಲಾದಲ್ಲಿ ಶಿವಾಜಿ ಮಹಾರಾಜರು ಬಾಗಿಲಿಗಿಂತ ದೊಡ್ಡವರಿರುತ್ತಾರೆ. ಅದಕ್ಕೆ ಸ್ಕೇಲ್ ತಪ್ಪಿದೆ ಅನ್ನಬೇಡಿ. ಅಲ್ಲಿ ಯಾರೂ ಸ್ಕೇಲ್ ಹೇಳಿಕೊಂಡೇ ಇಲ್ಲ, ರಾಜ ದೊಡ್ಡವನಾಗಿ ಕಾಣಬೇಕು ಅಷ್ಟೇ.

ಗೋಳಗುಮ್ಮಟ ಕಟ್ಟುತ್ತೇನೆ ಅನ್ನುವವರಿಗೆ ಒಂದು ಲೆಕ್ಕ: ಹೊರಗೋಡೆ ಒಂದೊಂದು ಬದಿ ಸುಮಾರು 47.5 ಮೀಟರ್, ಅಂದರೆ 1:56ರಲ್ಲಿ 85 ಸೆಂ.ಮೀ. ನಾಲ್ಕಡಿ ಅಗಲದ ಟೇಬಲ್‌ನಲ್ಲಿ ಯುದ್ಧಕ್ಕೆ ಜಾಗವೆಲ್ಲಿ? ಅದಕ್ಕೇ ಆಟದವರು ಕಟ್ಟಡದ ಅಗಲ ಕುಗ್ಗಿಸಿ, ಕಿಟಕಿಗಳ ಸಂಖ್ಯೆ ಇಳಿಸಿ, ಬಾಗಿಲನ್ನು ಮಾತ್ರ ಸ್ಕೇಲಿಗೆ ಸರಿಯಾಗಿ ಇಡುತ್ತಾರೆ. ಏಳಡಿ ಬಾಗಿಲಿಗೆ 38 ಮಿ.ಮೀ. ಬರುತ್ತದೆ. ನೀವು 40 ಮಿ.ಮೀ. ಇಡಿ, ಗೊಂಬೆಯ ಕಾಲಡಿ ಬಿಲ್ಲೆಯ ದಪ್ಪವೂ ಸೇರುತ್ತದಲ್ವಾ.