ಪಾಯಸದಲ್ಲಿ ಸತ್ತ ಇರುವೆ

2007ರ ಏಪ್ರಿಲ್ 25, ಜರ್ಮನಿಯ ಹೈಲ್‌ಬ್ರಾನ್ ನಗರ. ಮೈದಾನದ ಬದಿಯಲ್ಲಿ ಗಸ್ತು ಕಾರು ನಿಲ್ಲಿಸಿ ಕೂತಿದ್ದ ಇಬ್ಬರು ಪೊಲೀಸರ ತಲೆಗೆ ಯಾರೋ ಹತ್ತಿರದಿಂದಲೇ ಗುಂಡು ಹೊಡೆದರು. 22 ವರ್ಷದ ಮಹಿಳಾ ಪೊಲೀಸ್ ಅಲ್ಲೇ ಪ್ರಾಣ ಬಿಟ್ಟರು. ಜೊತೆಯವರು ಬದುಕಿ ಉಳಿದರೂ ಆ ಹೊತ್ತಿನದೇನೂ ಅವರಿಗೆ ನೆನಪಿರಲಿಲ್ಲ. ಇಬ್ಬರ ಪಿಸ್ತೂಲುಗಳೂ ಕಾಣೆಯಾಗಿದ್ದವು.

ಕಾರನ್ನು ಹತ್ತಿಕಡ್ಡಿಯಿಂದ ಒರೆಸಿ ತೆಗೆದ ಮಾದರಿಯಲ್ಲಿ ಹೆಂಗಸೊಬ್ಬಳ ಡಿಎನ್‌ಎ ಸಿಕ್ಕಿತು. ಕಡತ ತೆರೆದರೆ ಅವಳು ಹಳೆಯ ಪರಿಚಯ! 1993ರಲ್ಲಿ ಈಡರ್-ಒಬರ್‌ಸ್ಟೈನ್‌ನಲ್ಲಿ ಕೊಲೆಯಾದ 62 ವರ್ಷದ ಮಹಿಳೆಯ ಮನೆಯ ಟೀ ಕಪ್ಪಿನ ಮೇಲೆ ಅವಳಿದ್ದಳು. 2001ರಲ್ಲಿ ಫ್ರೈಬರ್ಗ್‌ನ ಇನ್ನೊಂದು ಕೊಲೆಯಲ್ಲಿ, ಕಳ್ಳರು ಕಚ್ಚಿ ಬಿಟ್ಟಿದ್ದ ಬಿಸ್ಕತ್ತಿನಲ್ಲಿ, ಫ್ರಾನ್ಸಿನ ದರೋಡೆಯ ಆಟಿಕೆ ಪಿಸ್ತೂಲಿನಲ್ಲೂ ಅವಳೇ. ಆಸ್ಟ್ರಿಯಾವೂ ಸೇರಿ ಮೂರು ದೇಶಗಳಲ್ಲಿ ಸುಮಾರು 40 ಕಡೆ. ಸುಳಿವು ಕೊಟ್ಟವರಿಗೆ 3 ಲಕ್ಷ ಯೂರೋ ಬಹುಮಾನ ಘೋಷಿಸಿದರು. ಆದರೆ ಅವಳ ಜೊತೆ ಕಳ್ಳತನ ಮಾಡಿದ್ದಾರೆ ಎನ್ನಲಾದವರೆಲ್ಲ ಸಿಕ್ಕಿಬಿದ್ದ ಮೇಲೂ ‘ಅಂಥ ಹೆಂಗಸನ್ನು ನಾವು ಕಂಡೇ ಇಲ್ಲ’ ಎನ್ನುತ್ತಿದ್ದರು. ವಿಚಿತ್ರವೆಂದರೆ, ಪಕ್ಕದ ಬವೇರಿಯಾ ರಾಜ್ಯಕ್ಕೆ ಮಾತ್ರ ಅವಳು ಕಾಲಿಟ್ಟಿರಲಿಲ್ಲ.

ಗುಟ್ಟು ಒಡೆದದ್ದು 2009ರ ಮಾರ್ಚಿನಲ್ಲಿ. ಫ್ರಾನ್ಸಿನಲ್ಲಿ ಸುಟ್ಟುಹೋದ ಶವವೊಂದರ ಗುರುತು ಹಿಡಿಯಲು, ಆಶ್ರಯ ಕೋರಿ ಬಂದಿದ್ದ ಗಂಡಸೊಬ್ಬನ ಅರ್ಜಿಯ ಮೇಲಿದ್ದ ಬೆರಳಚ್ಚಿನಿಂದ ಹತ್ತಿಕಡ್ಡಿಯಲ್ಲಿ ಮಾದರಿ ಒರೆಸಿ ತೆಗೆದರು. ಬಂದದ್ದು ಅದೇ ಹೆಂಗಸು. ಬೇರೊಂದು ಕಡ್ಡಿಯಿಂದ ಮತ್ತೆ ಒರೆಸಿದರೆ, ಅವಳಿಲ್ಲ. ಅವಳಿದ್ದದ್ದು ಅಪರಾಧದ ಜಾಗದಲ್ಲಲ್ಲ, ಒರೆಸುವ ಹತ್ತಿಕಡ್ಡಿಯಲ್ಲಿ. ಅಂದರೆ ಕಡ್ಡಿ ತಯಾರಿಕೆ, ಪ್ಯಾಕಿಂಗ್ ಹಂತದಲ್ಲಿ ಕೈಯಾಡಿಸಿದ ಕಾರ್ಮಿಕಳೊಬ್ಬಳದು! 1993ರ ಕಪ್ಪನ್ನೂ 2001ರಲ್ಲಿ ಇಂಥ ಕಡ್ಡಿಯಿಂದಲೇ ಪರೀಕ್ಷಿಸಿದ್ದರು. ಬವೇರಿಯಾದವರು ಕಡ್ಡಿ ತರಿಸುತ್ತಿದ್ದುದು ಬೇರೆ ಕಡೆಯಿಂದ.

‘ಅಯ್ಯೋ, ಆ ಕಡ್ಡಿಗಳು ಸ್ಟೆರೈಲ್, ಅಂದರೆ ಸೂಕ್ಷ್ಮಜೀವಿಗಳನ್ನು ಕೊಂದು ಶುದ್ಧ ಮಾಡಿದವು ಅಲ್ಲವೇ?’ ಎಂದು ಈಗಲೂ ಕೇಳುವವರಿದ್ದಾರೆ. ಸ್ಟೆರೈಲೇ. ತೊಂದರೆ ಇರುವುದೇ ಆ ಪದವನ್ನು ನಾವು ಅರ್ಥ ಮಾಡಿಕೊಂಡ ರೀತಿಯಲ್ಲಿ. ಪಾಯಸಕ್ಕೆ ಇರುವೆ ಬಿತ್ತೆನ್ನಿ. ಚೆನ್ನಾಗಿ ಕುದಿಸಿದರೆ ಇರುವೆ ಸಾಯುತ್ತದೆ, ಆದರೆ ಪಾತ್ರೆಯಿಂದ ಎದ್ದು ಹೋಗುವುದಿಲ್ಲ. ಕಡ್ಡಿಗೆ ಸಾಮಾನ್ಯವಾಗಿ ಕೊಡುವ 25 ಕಿಲೋಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ಗಾಮಾ ಕಿರಣವೂ ಅಷ್ಟೇ ಮಾಡುತ್ತದೆ. ಬ್ಯಾಕ್ಟೀರಿಯಾ ಸಾಯಲು ಅದರ ಉದ್ದನೆಯ ಡಿಎನ್‌ಎ ಕೆಲವೇ ಕಡೆ ತುಂಡಾದರೆ ಸಾಕು. ಆದರೆ ಗುರುತು ಪತ್ತೆಗೆ ಬೇಕಾದದ್ದು 100ರಿಂದ 450 ಅಕ್ಷರಗಳ (ಡಿಎನ್‌ಎ ಸರಪಳಿಯ ಬಿಡಿ ಕೊಂಡಿಗಳ) ಚೂರು ಮಾತ್ರ. ಸಾವಿರ ಪುಟದ ಗ್ರಂಥವನ್ನು ಹತ್ತು ಹೋಳು ಮಾಡಿದರೆ ಗ್ರಂಥ ಕೆಟ್ಟಿತು, ನಿಜ. ಅದರಲ್ಲಿ ನಿಮಗೆ ಬೇಕಾದ ಸಾಲು ಬಹುಪಾಲು ಎಲ್ಲೋ ಒಂದು ಹೋಳಿನಲ್ಲಿ ಇಡಿಯಾಗಿಯೇ ಸಿಗುತ್ತದೆ.

ಇನ್ನು ಡಿಎನ್‌ಎ ಚೂರನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರದ ಹಸಿವು. ಚದುರಂಗದ ಮನೆಗಳಲ್ಲಿ ಅಕ್ಕಿಕಾಳು ದುಪ್ಪಟ್ಟಾಗುವ ಕತೆ ಗೊತ್ತಲ್ಲ, ಇಲ್ಲೂ ಪ್ರತಿ ಸುತ್ತಿಗೆ ಪ್ರತಿಗಳು ಇಮ್ಮಡಿ. 28 ಸುತ್ತು ಸರಿಯಾಗಿ ನಡೆದರೆ ಒಂದು ಚೂರು ಸುಮಾರು 26.8 ಕೋಟಿ. ನಮ್ಮ ಒಂದು ಜೀವಕೋಶದಲ್ಲಿರುವುದು 6.6 ಪಿಕೊಗ್ರಾಂ (ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು ಒಂದು ಪಿಕೊಗ್ರಾಂ) ಡಿಎನ್‌ಎ. ಹದಿನೈದು ಕೋಶಗಳಿಂದಲೂ ಎಷ್ಟೋ ಸಲ ಫಲಿತಾಂಶ ಬರುತ್ತದೆ. ಮಾತಾಡುವಾಗ ಹಾರುವ ಉಗುಳಿನ ಹನಿಯಲ್ಲಿ ಅಷ್ಟಿದ್ದರೆ ಆಶ್ಚರ್ಯವಿಲ್ಲ. ಯಂತ್ರಕ್ಕೆ ಇದು ಕೊಲೆಗಾರನದೋ ಪ್ಯಾಕಿಂಗ್‌ನವಳದೋ ಎಂಬ ಭೇದವೂ ಇಲ್ಲ. ಮುಟ್ಟಿದ ಕಾರಿನಂತಹ ಜಾಗದಲ್ಲಿ ಅಸಲಿ ಕೋಶಗಳೇ ಕಡಿಮೆಯಿದ್ದರೆ ಕಡ್ಡಿಯ ಕೋಶಗಳೇ ರಾಜ.

ಹಾಗಾದರೆ ಖಾಲಿ ಕಡ್ಡಿಯನ್ನು ಪರೀಕ್ಷಿಸಿದರೆ ಸಾಲದೇ? ನೂರರಲ್ಲಿ ಒಂದು ಕಡ್ಡಿ ಕೊಳೆಯಾಗಿದೆ ಎಂದಿಟ್ಟುಕೊಳ್ಳಿ. ಹತ್ತನ್ನು ಪರೀಕ್ಷಿಸಿದರೂ ಎಲ್ಲವೂ ಶುದ್ಧ ಎಂದು ಬರುವ ಸಾಧ್ಯತೆ ಶೇ 90. ಅದಕ್ಕೇ ಕಾರ್ಮಿಕರ, ಪೊಲೀಸರ, ಲ್ಯಾಬಿನವರ ಡಿಎನ್‌ಎಯನ್ನೂ ಬೇರೆ ಪಟ್ಟಿಯಲ್ಲಿಟ್ಟು ಹೋಲಿಸಬೇಕು. ಕಡ್ಡಿಯನ್ನು ಎಥಿಲೀನ್ ಆಕ್ಸೈಡ್ ಅನಿಲದಲ್ಲಿಡಬೇಕು. ಆ ಅನಿಲ ಡಿಎನ್‌ಎಯ ಅಕ್ಷರಗಳಿಗೇ ಅಂಟಿಕೊಂಡು ಪಿಸಿಆರ್‌ಗೆ ಓದಲಾಗದಂತೆ ಮಾಡುತ್ತದೆ. 2016ರಲ್ಲಿ ಇದಕ್ಕೆಂದೇ ಐಎಸ್‌ಒ 18385 ಮಾನದಂಡ ಬಂತು. ಒರೆಸುವ ವಿಧಾನದಲ್ಲೂ ಶಿಸ್ತು ಬೇಕು: ಮೊದಲು ಒದ್ದೆ ಕಡ್ಡಿಯನ್ನು ಉರುಳಿಸಿ, ಹಿಂದೆಯೇ ಒಣ ಕಡ್ಡಿ, ಆಮೇಲೆ ಗಾಳಿಗೆ ಆರಿಸಿ ಕಾಗದದ ಲಕೋಟೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ತೇವ ಒಳಗೇ ನಿಂತು ಬ್ಯಾಕ್ಟೀರಿಯಾಗಳು ಸಾಕ್ಷ್ಯವನ್ನೇ ತಿಂದುಬಿಡುತ್ತವೆ.

‘ಡಿಎನ್‌ಎ ಸುಳ್ಳು ಹೇಳುವುದಿಲ್ಲ’ ಎನ್ನುವ ಮೂಢನಂಬಿಕೆಗೆ ಜಾತಕದಷ್ಟೇ ಭಕ್ತರಿದ್ದಾರೆ. ಅದು ಉತ್ತರಿಸುವುದು ‘ಯಾರದು?’ ಎಂಬ ಪ್ರಶ್ನೆಗೆ; ‘ಹೇಗೆ ಬಂತು, ಯಾವಾಗ ಬಂತು?’ ಎಂಬುದಕ್ಕಲ್ಲ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಡಿಎನ್‌ಎ ಗುರುತು ಕಂಡುಹಿಡಿದ ಅಲೆಕ್ ಜೆಫ್ರೀಸ್ ಅವರ ತಂತ್ರ ಕೊಲೆ ತನಿಖೆಯೊಂದರಲ್ಲಿ ಮೊದಲು ಮಾಡಿದ ಕೆಲಸವೇ, ತಪ್ಪೊಪ್ಪಿಕೊಂಡಿದ್ದ 17ರ ಹುಡುಗನೊಬ್ಬನನ್ನು ನಿರಪರಾಧಿ ಎಂದು ಬಿಡಿಸಿದ್ದು. ನಿಜವಾದ ಅಪರಾಧಿಯನ್ನು ಹಿಡಿದುಕೊಟ್ಟದ್ದು ಆಮೇಲೆ. ಅಲ್ಲಿ ಮಾದರಿ ಸಿಕ್ಕಿದ್ದು ವೀರ್ಯದಿಂದ, ಅದು ಎಲ್ಲಿಂದ ಬಂತೆಂಬುದರ ಬಗ್ಗೆ ಅನುಮಾನವಿರಲಿಲ್ಲ. ಕೈ ತಾಗಿದ ಕಾರಿನ ಬಾಗಿಲಿಗೂ ಅದಕ್ಕೂ ಅಜಗಜಾಂತರ.

ಹೈಲ್‌ಬ್ರಾನ್‌ನ ನಿಜವಾದ ಸುಳಿವು ಕಡ್ಡಿಯಿಂದ ಬರಲಿಲ್ಲ. 2011ರ ನವೆಂಬರ್ 4ರಂದು ಐಸನಾಖ್ ಪಟ್ಟಣದಲ್ಲಿ ಬ್ಯಾಂಕ್ ದರೋಡೆ ಮಾಡಿದ್ದ ಇಬ್ಬರು ನವನಾಜಿಗಳು ಪೊಲೀಸರು ಹತ್ತಿರ ಬರುತ್ತಿದ್ದಂತೆ ತಮ್ಮ ವಾಹನದಲ್ಲೇ ಸತ್ತರು. ಹೊತ್ತಿ ಉರಿದ ಆ ವಾಹನದೊಳಗೆ ನಾಲ್ಕೂವರೆ ವರ್ಷದ ಹಿಂದೆ ಕಾಣೆಯಾಗಿದ್ದ ಎರಡು ಪೊಲೀಸ್ ಪಿಸ್ತೂಲುಗಳಿದ್ದವು.