ಎಂಜಿನ್ ಸದ್ದು ಜಾಸ್ತಿ, ಹೆಂಗಸರಿಗೆ ಕೆಲಸ ಇಲ್ಲ

ಕಾರ್ಮಿಕರ ಕೇಸುಗಳನ್ನು ನಡೆಸುವ ವಕೀಲೆ ನಾನು. "ಹೆಂಗಸರ ಒಳ್ಳೇದಕ್ಕೇ ಮಾಡಿರೋ ನಿಯಮ ಮೇಡಂ" ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 66ನೇ ಸೆಕ್ಷನ್ ಹೆಂಗಸರ ರಾತ್ರಿ ಪಾಳಿಯನ್ನು ತಡೆದದ್ದೂ ಇದೇ ಹೆಸರಿನಲ್ಲಿ. ರಷ್ಯಾದಲ್ಲಿ ಈ ಮಾತು ಇನ್ನೂ ದೂರ ಹೋಯಿತು.

ಸ್ವೆತ್ಲಾನಾ ಮೆದ್ವೆದೇವಾ ವೋಲ್ಗಾ ನದಿ ದಡದ ಸಮಾರಾ ಊರಿನವರು. ಹಡಗು ನಡೆಸುವುದನ್ನು ಓದಿ ಪಾಸಾದವರು. 2012ರಲ್ಲಿ ಒಂದು ಹಡಗು ಕಂಪನಿ ಅವರನ್ನು ಚುಕ್ಕಾಣಿ ಹಿಡಿಯುವ ಕೆಲಸಕ್ಕೆ ಮೊದಲು ಒಪ್ಪಿತು, ಆಮೇಲೆ ಆಗಲ್ಲ ಎಂದಿತು. ತೋರಿಸಿದ್ದು ಸರ್ಕಾರದ 2000ನೇ ಇಸವಿಯ 162ನೇ ಆದೇಶ. ಹೆಂಗಸರಿಗೆ ಕೊಡಬಾರದ 456 ಕೆಲಸಗಳ ಪಟ್ಟಿ ಅದರಲ್ಲಿತ್ತು. ಎಂಜಿನ್ ರೂಮಿನ ಜೋರು ಸದ್ದಿನಂಥದ್ದರಿಂದ, ಮುಂದೆ ಮಕ್ಕಳನ್ನು ಹೆರಬೇಕಾದ ದೇಹಕ್ಕೆ ತೊಂದರೆ ಆಗಬಾರದು ಎಂಬುದು ಅದರ ವಾದ.

ಆ ಆದೇಶದ ಕೊನೆಯಲ್ಲಿ ಒಂದು ಟಿಪ್ಪಣಿ ಇತ್ತು. ಕೆಲಸದ ಜಾಗವನ್ನು ಸುರಕ್ಷಿತ ಮಾಡಿ, ತಪಾಸಣೆ ಮಾಡಿಸಿದರೆ ಹೆಂಗಸರನ್ನು ಸೇರಿಸಿಕೊಳ್ಳಬಹುದು ಅಂತ. ನನ್ನ ಕಣ್ಣಿಗೆ ಇಡೀ ಅನ್ಯಾಯ ಇರುವುದು ಇಲ್ಲೇ. ಸುರಕ್ಷಿತ ಮಾಡಲು ಖರ್ಚು ಮಾಡಬೇಕಾದವನು ಮಾಲೀಕ. ಮಾಡದೇ ಇದ್ದರೆ ಅವನು ಕಳೆದುಕೊಳ್ಳುವುದು ಏನೂ ಇಲ್ಲ, ಕೆಲಸಕ್ಕೆ ಗಂಡಸರು ಸಿಕ್ಕೇ ಸಿಗುತ್ತಾರೆ. ಎಂಜಿನ್ ರೂಮಿನ ಸದ್ದು ಹಾಗೇ ಉಳಿಯುತ್ತದೆ. ಆ ಸದ್ದಿಗೆ ಗಂಡಸಿನ ಕಿವಿಯೂ ಹಾಳಾಗುತ್ತದೆ ಅಲ್ವಾ?

ಅಲ್ಲಿನ ಕೋರ್ಟುಗಳು ಕೈಬಿಟ್ಟಾಗ ಮೆದ್ವೆದೇವಾ ವಿಶ್ವಸಂಸ್ಥೆಯ ಮಹಿಳಾ ತಾರತಮ್ಯ ನಿವಾರಣಾ ಸಮಿತಿಗೆ ಹೋದರು. 2016ರಲ್ಲಿ ಸಮಿತಿ ಅವರ ಪರ ನಿಂತಿತು. 2017ರಲ್ಲಿ ಸಮಾರಾದ ಕೋರ್ಟ್ ಕೂಡ ಇದು ತಾರತಮ್ಯ ಎಂದು ಒಪ್ಪಿತು. ಆದರೆ ಕೆಲಸ ಕೊಡಿ ಅಂತ ಕಂಪನಿಗೆ ಹೇಳಲಿಲ್ಲ. ಐದು ವರ್ಷ ಹೋರಾಡಿ ಗೆದ್ದವಳ ಕೈಗೆ ಬಂದದ್ದು ಬರೀ ಕಾಗದ. ಕಕ್ಷಿದಾರರಿಗೆ ಇಂಥ ತೀರ್ಪನ್ನು ಓದಿ ಹೇಳುವ ಕಷ್ಟ ನನಗೆ ಗೊತ್ತು.

ಇದೇ ವರ್ಷಗಳಲ್ಲಿ ಮೇಲಿನ ಕುರ್ಚಿಗಳಲ್ಲಿ ಹೆಂಗಸರು ಇದ್ದರು. 2011ರಿಂದ ವ್ಯಾಲೆಂಟಿನಾ ಮತ್ವಿಯೆಂಕೊ ಸಂಸತ್ತಿನ ಮೇಲ್ಮನೆಯ ಅಧ್ಯಕ್ಷೆ. 2013ರಿಂದ ಎಲ್ವಿರಾ ನಬಿಯುಲ್ಲಿನಾ ಕೇಂದ್ರ ಬ್ಯಾಂಕಿನ ಮುಖ್ಯಸ್ಥೆ. ಮಾಸ್ಕೋದಲ್ಲಿ ಕೂತು ಒಬ್ಬ ಹೆಂಗಸು ದೇಶದ ಬಡ್ಡಿದರ ನಿರ್ಧರಿಸಬಹುದಿತ್ತು. ಅದೇ ಊರಿನಲ್ಲಿ ಇನ್ನೊಬ್ಬಳು ಮೆಟ್ರೋ ರೈಲು ಓಡಿಸುವಂತಿರಲಿಲ್ಲ. 1963ರಲ್ಲೇ ತೆರೆಷ್ಕೋವಾ ಎಂಬ ಹೆಂಗಸನ್ನು ಬಾಹ್ಯಾಕಾಶಕ್ಕೆ ಕಳಿಸಿದ ದೇಶ ಅದು. ಹಾಗಾಗಿ ಎಷ್ಟು ಜನ ಹೆಂಗಸರು ಅಧಿಕಾರದಲ್ಲಿದ್ದಾರೆ ಅಂತ ಎಣಿಸಿ ನಾನು ಸುಮ್ಮನಾಗುವುದಿಲ್ಲ. ಕೂಲಿ, ಪಾಳಿ, ನೇಮಕಾತಿಯ ನಿಯಮ ತೆಗೆದು ನೋಡುತ್ತೇನೆ.

2019ರಲ್ಲಿ ಕಾರ್ಮಿಕ ಸಚಿವಾಲಯ ಪಟ್ಟಿಯನ್ನು ಸುಮಾರು 100ಕ್ಕೆ ಇಳಿಸಿತು. 2021ರ ಜನವರಿ 1ರಂದು ಅದು ಜಾರಿಗೆ ಬಂತು. ಅದೇ ತಿಂಗಳು ಮಾಸ್ಕೋ ಮೆಟ್ರೋದ ಫಿಲ್ಯೋವ್ಸ್ಕಾಯಾ ಮಾರ್ಗದಲ್ಲಿ ಹೆಂಗಸರು ರೈಲು ಓಡಿಸಿದರು. ಹಡಗು, ಲಾರಿಗಳ ಬಾಗಿಲೂ ತೆರೆಯಿತು. ನೆಲದಡಿಯ ಗಣಿ ಕೆಲಸ, ಬೆಂಕಿ ಆರಿಸುವ ಕೆಲಸ ಮಾತ್ರ ಇನ್ನೂ ಪಟ್ಟಿಯಲ್ಲೇ ಉಳಿದವು.